ಬೂದು ಬಣ್ಣದ ಮುದಿ ಟ್ರಾಕ್ಟರೂ ಅದರ ಗೆಳೆಯರೂ

ಮನುಷ್ಯರಂತೆ ಯಂತ್ರಗಳಿಗೂ ಮುಪ್ಪು ಬರುತ್ತದೆ. ಮುಪ್ಪಾದ ಯಂತ್ರವನ್ನು ಹಳೆಯ ಕಬ್ಬಿಣದ ವ್ಯಾಪಾರಿಗೆ ತೂಕದ ಮೇಲೆ ಮಾರಿ ಕೈತೊಳೆದುಕೊಳ್ಳುವುದು ನಮ್ಮೆಲ್ಲರ ರೂಢಿ. ಆದರೆ ಇಂಗ್ಲೆಂಡು, ಐರ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಎಪ್ಪತ್ತು ವರ್ಷ ದಾಟಿದ ಒಂದು ಜಾತಿಯ ಟ್ರಾಕ್ಟರನ್ನು ಮನೆಯ ಹಿರಿಯನಂತೆ ಸಾಕಿಕೊಂಡು ಬಂದಿರುವ ಜನರಿದ್ದಾರೆ. ಅದರಿಂದ ಅವರಿಗೆ ಕಾಸಿನ ಲಾಭವಿಲ್ಲ. ಭಾನುವಾರ ಬಂತೆಂದರೆ ಕೈಗೆ ಎಣ್ಣೆ ಮೆತ್ತಿಕೊಂಡು, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ, ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತ ಹೊತ್ತು ಕಳೆಯುವುದೇ ಅವರ ಸಂತೋಷ.

ರಾಜ್ಯೋತ್ಸವದ ಸಂಚಿಕೆಯಲ್ಲಿ ಟ್ರಾಕ್ಟರಿಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಈ ಚೆನ್ನೈ ನಗರದಲ್ಲಿ ನೆಲಸಿರುವ ನಮ್ಮಲ್ಲಿ ಅನೇಕರು ಒಂದೆರಡು ತಲೆಮಾರಿನ ಹಿಂದೆ ನೇಗಿಲು ಕುಂಟೆಗಳನ್ನು ಬಿಟ್ಟು ಬಂದ ಮನೆತನದವರು. ನೇಗಿಲಿನ ಈ ಹೊಸ ಅವತಾರದ ಕಥೆ ನಮಗೆ ಅಷ್ಟು ದೂರದ್ದಲ್ಲ. ಅದಲ್ಲದೆ, ಕಥೆಯ ಒಂದು ಎಳೆ ನಾವಿರುವ ಊರಿಗೂ ಬಂದು ಮುಟ್ಟುತ್ತದೆ.

ಈ ಟ್ರಾಕ್ಟರಿನ ಜನಕನು ಹ್ಯಾರಿ ಫರ್ಗ್ಯುಸನ್. ಐರ್ಲೆಂಡಿನ ಡೌನ್ ಸೀಮೆಯ ರೈತನ ಮಗ, ಹುಟ್ಟಿದ್ದು 1884ರಲ್ಲಿ. ಹೊಲದ ಕೆಲಸ ಅವನಿಗೆ ಹಿಡಿಸಲಿಲ್ಲ. ಬೆಲ್‌ಫಾಸ್ಟಿನಲ್ಲಿ ಅಣ್ಣನ ಮೋಟಾರು ರಿಪೇರಿ ಅಂಗಡಿ ಸೇರಿದನು. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನಲ್ಲಿ ಮೊದಲು ಹಾರಿದವನೆಂದು ಹೆಸರು ಪಡೆದನು. ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವ ತಲೆದೋರಲು, 1917ರಲ್ಲಿ ಸರ್ಕಾರದವರು ಐರ್ಲೆಂಡಿನ ಟ್ರಾಕ್ಟರುಗಳ ಉಸ್ತುವಾರಿಯನ್ನು ಅವನಿಗೆ ವಹಿಸಿದರು. ಊರೂರು ತಿರುಗಿ ನೋಡಿದಾಗ ಅವನಿಗೆ ಕಂಡ ದೋಷ ಇದು: ಆಗಿನ ಟ್ರಾಕ್ಟರು ಭಾರಿ ತೂಕದ್ದು, ನೇಗಿಲನ್ನು ಎತ್ತಿನ ಗಾಡಿಗೆ ಮರದ ದಿಮ್ಮಿ ಕಟ್ಟಿದಂತೆ ಸರಪಳಿಯಿಂದ ಹಿಂದೆ ಕಟ್ಟುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರಾಕ್ಟರಿನ ಮೂತಿ ಮೇಲೆದ್ದು, ಯಂತ್ರವು ಹಿಂದಕ್ಕೆ ಮಗುಚಿ, ಓಡಿಸುವವನ ಮೇಲೆಯೇ ಬೀಳುತ್ತಿತ್ತು. ಹೀಗೆ ಸತ್ತವರು ಅನೇಕರು.

ಫರ್ಗ್ಯುಸನ್ನನು ವರ್ಷಗಟ್ಟಲೆ ದುಡಿದು ಕಂಡುಕೊಂಡ ಉಪಾಯ ಬಹಳ ಸರಳವಾದುದು. ನೇಗಿಲನ್ನು ಮೂರು ಕಡೆ ಟ್ರಾಕ್ಟರಿಗೆ ಜೋಡಿಸಿದನು: ಕೆಳಗೆ ಎರಡು ತೋಳು, ಮೇಲೆ ಒಂದು ತೋಳು. ನೇಗಿಲು ನೆಲವನ್ನು ಸೀಳುವಾಗ ಮೇಲಿನ ತೋಳು ಮುಂದಕ್ಕೆ ಒತ್ತುತ್ತದೆ. ಆ ಒತ್ತಡವು ಟ್ರಾಕ್ಟರಿನ ಮೂತಿಯನ್ನು ನೆಲದ ಕಡೆಗೇ ಹಿಡಿದಿಡುತ್ತದೆ. ಅದೇ ತೋಳು ಒಂದು ಸ್ಪ್ರಿಂಗನ್ನು ಒತ್ತಿ, ಎಣ್ಣೆಯ ಪಂಪಿಗೆ ಅಪ್ಪಣೆ ಕೊಟ್ಟು, ನೇಗಿಲಿನ ಆಳವನ್ನು ತಾನೇ ಹೊಂದಿಸುತ್ತದೆ. ನೇಗಿಲಿನ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಹಗುರವಾದ ಟ್ರಾಕ್ಟರೂ ಜಾರದೆ ಉಳುತ್ತದೆ. ಇಂದು ಮಂಡ್ಯದ ಕಬ್ಬಿನ ಹೊಲದಲ್ಲಾಗಲಿ ಗಂಗಾವತಿಯ ಗದ್ದೆಯಲ್ಲಾಗಲಿ ಯಾವ ಕಂಪೆನಿಯ ಟ್ರಾಕ್ಟರಿನ ಹಿಂಭಾಗ ನೋಡಿದರೂ ಕಾಣುವ ಮೂರು ತೋಳುಗಳ ಮೂಲ ಇದೇ.

1938ರಲ್ಲಿ ಫರ್ಗ್ಯುಸನ್ನನು ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನಿಗೆ ತನ್ನ ಯಂತ್ರವನ್ನು ತೋರಿಸಿದನು. ಕಾಗದ ಪತ್ರವಿಲ್ಲದೆ ಬರಿಯ ಕೈಕುಲುಕಿನ ಮೇಲೆ ಒಪ್ಪಂದವಾಯಿತು. ಮರುವರ್ಷವೇ ಫೋರ್ಡ್ 9ಎನ್ ಟ್ರಾಕ್ಟರು ಹೊರಬಂದಿತು. ಆದರೆ ಫೋರ್ಡನ ಮೊಮ್ಮಗನ ಆಡಳಿತದಲ್ಲಿ ಆ ಸ್ನೇಹ ಮುರಿಯಿತು. ಫೋರ್ಡ್ ಕಂಪೆನಿಯು 1947ರಲ್ಲಿ ಅದೇ ಬಗೆಯ ಜೋಡಣೆಯುಳ್ಳ ತನ್ನ ಟ್ರಾಕ್ಟರನ್ನು ಬೇರೆಯಾಗಿ ಮಾರತೊಡಗಲು, ಫರ್ಗ್ಯುಸನ್ನನು 25 ಕೋಟಿ ಡಾಲರಿಗೂ ಮೇಲ್ಪಟ್ಟ ದಾವೆ ಹೂಡಿದನು. 1952ರಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಯಿತು.

ಅಷ್ಟರಲ್ಲಿ ಇಂಗ್ಲೆಂಡಿನ ಕಾವೆಂಟ್ರಿ ನಗರದ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ, ಸ್ಟಾಂಡರ್ಡ್ ಮೋಟಾರ್ ಕಂಪೆನಿಯವರ ಕೈಯಿಂದ, ಫರ್ಗ್ಯುಸನ್ನನ ಸ್ವಂತ ಟ್ರಾಕ್ಟರು ಸಿದ್ಧವಾಗಿತ್ತು. ಅದರ ಹೆಸರು ಟಿಇ-20. 1946ರಿಂದ 1956ರವರೆಗೆ 5 ಲಕ್ಷ 17 ಸಾವಿರಕ್ಕೂ ಹೆಚ್ಚು ಟ್ರಾಕ್ಟರುಗಳು ಅಲ್ಲಿಂದ ಹೊರಟವು. ಎಲ್ಲಕ್ಕೂ ಒಂದೇ ಬೂದು ಬಣ್ಣ. ಜನರು ಅಕ್ಕರೆಯಿಂದ ‘ಪುಟ್ಟ ಬೂದು ಫರ್ಗಿ’ ಎಂದು ಕರೆದರು. ಎಂಜಿನಿನ ಬಲ ಮೂವತ್ತು ಕುದುರೆ-ಶಕ್ತಿಗೂ ಕಡಿಮೆ. ಗಟ್ಟಿತನದಲ್ಲಿ ಮಾತ್ರ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ತೇನ್‌ಸಿಂಗನೊಡನೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯು ಇವೇ ಟ್ರಾಕ್ಟರುಗಳಿಗೆ ಪಟ್ಟಿ ತೊಡಿಸಿ, ಹಿಮದ ಮೇಲೆ ನಡೆಸಿಕೊಂಡು, 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲುಪಿದನು. ನೆಲದ ಮೇಲೆ ಮೋಟಾರು ವಾಹನದಲ್ಲಿ ಅಲ್ಲಿಗೆ ಹೋದವರಲ್ಲಿ ಅವನ ತಂಡದವರೇ ಮೊದಲಿಗರು.

ಈ ಯಂತ್ರ ಇಷ್ಟು ಕಾಲ ಬಾಳಿದುದಕ್ಕೆ ಒಂದು ಕಾರಣವುಂಟು. ಫರ್ಗ್ಯುಸನ್ನನು ಅದನ್ನು ರೈತನೇ ಬಿಚ್ಚಿ ಜೋಡಿಸುವಂತೆ ಮಾಡಿದ್ದನು. ಟ್ರಾಕ್ಟರಿನೊಡನೆ ಒಂದು ಸ್ಪ್ಯಾನರ್ ಕೊಡುತ್ತಿದ್ದರು. ಅದರ ಎರಡು ತುದಿಗಳಿಂದ, ರೈತನು ದಿನನಿತ್ಯ ಮುಟ್ಟಬೇಕಾದ ನಟ್ಟುಗಳಲ್ಲಿ ಹೆಚ್ಚಿನವನ್ನು ತಿರುಗಿಸಬಹುದಾಗಿತ್ತು. ಅದರ ಹಿಡಿಯ ಮೇಲೆ ಅಂಗುಲದ ಗುರುತುಗಳಿದ್ದುದರಿಂದ ಉಳುಮೆಯ ಆಳವನ್ನೂ ಅಳೆಯಬಹುದಾಗಿತ್ತು. ಇಂದು ಆ ಸ್ಪ್ಯಾನರನ್ನು ಕಳೆದುಕೊಂಡವನು ಗೆಳೆಯರ ನಡುವೆ ತಲೆಯೆತ್ತುವಂತಿಲ್ಲ!

ಇನ್ನು ಆ ಗೆಳೆಯರ ವಿಚಾರ. ಫರ್ಗ್ಯುಸನ್ನನ ಹೆಸರಿನಲ್ಲಿ ಅವರ ಸಂಘಗಳಿವೆ. ಉಳುಮೆಯ ಪಂದ್ಯಗಳಲ್ಲಿ, ಹಳೆಯ ಯಂತ್ರಗಳ ಜಾತ್ರೆಗಳಲ್ಲಿ ಅವರು ಕಲೆಯುತ್ತಾರೆ. ಹೊಸದಾಗಿ ಸೇರಿದವನಿಗೆ ಮೊದಲ ಪರೀಕ್ಷೆ ಟ್ರಾಕ್ಟರನ್ನು ಚಾಲೂ ಮಾಡುವುದು. ಅವನು ಸ್ಟಾರ್ಟರಿನ ಗುಂಡಿಗಾಗಿ ತಡಕಾಡುತ್ತಾನೆ. ಹಿರಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಗುಂಡಿ ಇದ್ದರಲ್ಲವೇ ಸಿಗುವುದು? ಗೇರು ಹಾಕುವ ಕೋಲನ್ನೇ ಒಂದು ಪಕ್ಕಕ್ಕೆ ತಳ್ಳಿದರೆ ಎಂಜಿನ್ ಎಚ್ಚರಗೊಳ್ಳುತ್ತದೆ. ಗೇರಿನಲ್ಲಿರುವಾಗ ಯಂತ್ರ ತಟ್ಟನೆ ಮುಂದಕ್ಕೆ ನೆಗೆಯಬಾರದೆಂದು ಮಾಡಿದ ಏರ್ಪಾಡು ಅದು. ನಕ್ಕು ಮುಗಿದ ಮೇಲೆ ಹಿರಿಯರು ಅದನ್ನೂ ವಿವರಿಸುತ್ತಾರೆ.

ಮತ್ತೊಬ್ಬನು ಎಂಜಿನ್ ಕಟ್ಟಿಕೊಂಡ ಟ್ರಾಕ್ಟರನ್ನು ತಂದು, ಬಣ್ಣದ ಡಬ್ಬಿಯನ್ನೂ ಕೊಂಡಿರುತ್ತಾನೆ. “ಮದುಮಗನಿಗೆ ಉಸಿರಿಲ್ಲ, ಪೇಟ ಮಾತ್ರ ಜೋರಾಗಿದೆ” ಎನ್ನುವಂಥ ಹಾಸ್ಯ ಅವನಿಗೆ ತಪ್ಪದು. ಅದರ ಬೆನ್ನಿಗೇ ಸಲಹೆ ಬರುತ್ತದೆ: ಬೇರೊಂದು ವಾಹನಕ್ಕೆ ಕಟ್ಟಿ ಎಳೆಸಬೇಡ, ಒಳಗಿನ ರಾಡು ಬಾಗೀತು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ತೆಳ್ಳನೆಯ ಎಣ್ಣೆ ಹಾಕಿ, ದಿನಗಟ್ಟಲೆ ನೆನೆಯಲು ಬಿಡು, ಆಮೇಲೆ ಮೆಲ್ಲಗೆ ಕೈಯಿಂದ ತಿರುಗಿಸಿ ನೋಡು. ಇನ್ನೊಬ್ಬನ ಟ್ರಾಕ್ಟರಿನ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಗೇರಿನ ಕೋಲಿನ ಬುಡದ ರಬ್ಬರು ಹರಿದು ಮಳೆಯ ನೀರು ಇಳಿದಿದೆ ಎಂದು ಅನುಭವಸ್ಥರು ಕಂಡ ಕೂಡಲೆ ಹೇಳುತ್ತಾರೆ. ಗೇರಿಗೂ ಹಿಂದಿನ ಅಚ್ಚಿಗೂ ನೇಗಿಲೆತ್ತುವ ಪಂಪಿಗೂ ಅದೊಂದೇ ಎಣ್ಣೆ. ಆದುದರಿಂದ ಆ ರೋಗವನ್ನು ಅಲಕ್ಷ್ಯ ಮಾಡುವಂತಿಲ್ಲ.

ಪಕ್ಕದಲ್ಲಿ ಫೋರ್ಡಿನ ಅಭಿಮಾನಿ ನಿಂತಿದ್ದರಂತೂ ಕಾಲೆಳೆಯುವುದಕ್ಕೆ ಕೊನೆಯಿಲ್ಲ. “ನಮ್ಮ ಫೋರ್ಡ್ ಇಲ್ಲದಿದ್ದರೆ ನಿಮ್ಮ ಫರ್ಗ್ಯುಸನ್ನನನ್ನು ಕೇಳುವವರಾರು?” ಎಂದು ಅವನೆಂದರೆ, “ಹಾಗಾದರೆ ಆ 92 ಲಕ್ಷ ಡಾಲರನ್ನು ದಾನಕ್ಕೆ ಕೊಟ್ಟರೇನು?” ಎಂದು ಇವನು ಕೇಳುತ್ತಾನೆ. ಅದೇ ಕ್ಷಣದಲ್ಲಿ ಫೋರ್ಡಿನವನಿಗೆ ಒಂದು ವಾಷರು ಬೇಕಾದರೆ ಇವನ ಪೆಟ್ಟಿಗೆಯಿಂದಲೇ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅವರು ನಗುವುದಿಲ್ಲ. ಯಾರಾದರೂ ಮರದ ಬೊಡ್ಡೆಯನ್ನು ಕೀಳಲು ಸರಪಳಿಯನ್ನು ಮೇಲಿನ ತೋಳಿನ ಜಾಗಕ್ಕೆ ಸಿಕ್ಕಿಸಿದರೆ ಎಲ್ಲರೂ ಒಟ್ಟಿಗೆ ಕೂಗಿ ತಡೆಯುತ್ತಾರೆ. ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ ಮೂತಿ ಎದ್ದು ಯಂತ್ರ ಮಗುಚುತ್ತದೆ. ಫರ್ಗ್ಯುಸನ್ನನು 1917ರಲ್ಲಿ ಕಂಡ ಅಪಾಯವೇ ಅದು. ತಡೆಯುವ ಹಿರಿಯನು ಪಕ್ಕದಲ್ಲಿಲ್ಲದಿದ್ದರೆ ಆ ಹೊಸಬನು ಅದನ್ನು ಕಲಿಯುವ ಹೊತ್ತಿಗೆ ಪ್ರಾಣವೇ ಹೋಗಿರುತ್ತದೆ.

ಫರ್ಗ್ಯುಸನ್ನನ ಕಂಪೆನಿಯು 1953ರಲ್ಲಿ ಮ್ಯಾಸಿ-ಹ್ಯಾರಿಸ್ ಕಂಪೆನಿಯೊಡನೆ ಕೂಡಿತು. ಅವನು 1960ರಲ್ಲಿ ತೀರಿಕೊಂಡನು. ಅದೇ ವರ್ಷ, ಆಗ ಮದರಾಸು ಎನಿಸಿಕೊಂಡಿದ್ದ ನಮ್ಮ ಚೆನ್ನೈಯಲ್ಲಿ, ಮ್ಯಾಸಿ ಫರ್ಗ್ಯುಸನ್ ಸಹಯೋಗದೊಡನೆ ಟಾಫೆ ಕಂಪೆನಿ ಸ್ಥಾಪನೆಯಾಯಿತು. ಸೆಂಬಿಯಂನಲ್ಲಿ ಅದರ ಕಾರ್ಖಾನೆ ನಡೆಯಿತು. ಮುಂದೆ ನಮ್ಮ ದೊಡ್ಡಬಳ್ಳಾಪುರದಲ್ಲಿಯೂ ಅದೇ ಕಂಪೆನಿ ಒಂದು ಕಾರ್ಖಾನೆ ತೆರೆಯಿತು. ಟಾಫೆಯ 1035 ಎಂಬ ಟ್ರಾಕ್ಟರು ಬೂದು ಫರ್ಗಿಯ ನಂತರ ಬಂದ 35ರ ವಂಶದ್ದು. ಕೆಂಪು ಬಣ್ಣ ತೊಟ್ಟ ಮೊಮ್ಮಗ ಎನ್ನೋಣ. ನಮ್ಮ ಸೀಮೆಯ ರಸ್ತೆ ಬದಿಯ ಮೇಸ್ತ್ರಿಗಳು ಅಂಥ ಎಷ್ಟೋ ಯಂತ್ರಗಳಿಗೆ ಬರಿಯ ಕಿವಿಯಿಂದ ರೋಗ ಹಿಡಿದು ಮರುಜೀವ ಕೊಟ್ಟಿದ್ದಾರೆ.

ಕಾವೆಂಟ್ರಿಯ ಕಾರ್ಖಾನೆಯಲ್ಲಾದರೋ ಈ ಶತಮಾನದ ಮೊದಲ ವರ್ಷಗಳಲ್ಲಿ ಟ್ರಾಕ್ಟರು ತಯಾರಿಕೆ ನಿಂತುಹೋಯಿತು. ಹುಟ್ಟಿದ ಮನೆ ಮುಚ್ಚಿದರೂ ಬೂದು ಫರ್ಗಿಯ ಸದ್ದು ಅಡಗಲಿಲ್ಲ. ಅದನ್ನು ಉಳಿಸಿದವರು ಅಪರಿಚಿತನು ಕೇಳಿದರೂ ಬೇಸರಿಸದೆ ಹೇಳಿಕೊಡುವ ಜನ. ಗೇಲಿ ಮಾಡಿದವನೇ ತೋಳು ಮಡಿಸಿ ಟ್ರಾಕ್ಟರಿನ ಕೆಳಗೆ ನುಸುಳುವುದು ಅವರ ಪದ್ಧತಿ.

ತಾಯ್ನಾಡಿನಿಂದ ದೂರವಿರುವ ನಮಗೆ ಇದರಲ್ಲಿ ಯೋಚಿಸಬೇಕಾದ ಮಾತೊಂದಿದೆ. ನಮ್ಮ ಮಕ್ಕಳು ಕನ್ನಡವನ್ನು ತಡವರಿಸಿ ಆಡುತ್ತಾರೆ. ‘ಅಜ್ಜಿ ಬಂದನು’ ಎಂದಾಗ ನಮಗೆ ನಗು ಬರುವುದು ಸಹಜ. ಎಷ್ಟೋ ಮನೆಗಳಲ್ಲಿ ನಗು ಅಲ್ಲಿಗೇ ನಿಲ್ಲುತ್ತದೆ. ಮಗು ನಾಚಿ, ಮುಂದಿನ ಸಲ ಇಂಗ್ಲಿಷಿಗೋ ತಮಿಳಿಗೋ ಹೊರಳುತ್ತದೆ. ನಕ್ಕವರು ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಬಂದಳು’ ಎಂದು ಹೇಳಿಕೊಟ್ಟು, ಇನ್ನೊಂದು ವಾಕ್ಯವನ್ನು ಆಡಿಸಬೇಕು. ನಮ್ಮ ಸಂಘದ ಕನ್ನಡ ತರಗತಿಗಳಿಗೂ ನಾಟಕದ ಅಭ್ಯಾಸಕ್ಕೂ ಮಕ್ಕಳನ್ನು ಕಳುಹಿಸುವುದರ ಜೊತೆಗೆ ಹಿರಿಯರೂ ಬಂದು ಕುಳಿತರೆ ಆ ಕೆಲಸ ಸುಲಭವಾದೀತು. ಈ ರಾಜ್ಯೋತ್ಸವದಿಂದಲೇ ಅದನ್ನು ಆರಂಭಿಸೋಣವೆಂದು ನಾವು ಬಂಧುಗಳಲ್ಲಿ ವಿಜ್ಞಾಪಿಸುತ್ತೇವೆ.