ಹಿರಿಯರಲ್ಲಿ ಸ್ನಾಯು ಬೆಳವಣಿಗೆ: ಗಂಡು-ಹೆಣ್ಣಿನ ಹೋಲಿಕೆಗೆ ಯಾವ ಅಳತೆ?

ವಯಸ್ಸಾದ ಮೇಲೆ ಭಾರ ಎತ್ತುವ ವ್ಯಾಯಾಮ ಮಾಡಿದರೆ ಗಂಡಸರ ಸ್ನಾಯು ಚೆನ್ನಾಗಿ ಬೆಳೆಯುತ್ತದೆ, ಹೆಂಗಸರದು ಅಷ್ಟಾಗಿ ಬೆಳೆಯುವುದಿಲ್ಲ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಒಂದು ಅಳತೆಯಲ್ಲಿ ಅದು ನಿಜ. ಇನ್ನೊಂದು ಅಳತೆಗೆ ಹಚ್ಚಿದರೆ ನಿಲ್ಲುವುದಿಲ್ಲ. ಎಪ್ಪತ್ತು ದಾಟಿದ ಹೆಂಗಸಿಗೆ ವೈದ್ಯರು ಏನು ಹೇಳಬೇಕೆಂಬುದು ಈ ಅಳತೆಯ ಆಯ್ಕೆಯನ್ನು ಅವಲಂಬಿಸಿರುವುದರಿಂದ, ಇದನ್ನು ಬರೀ ಪಂಡಿತರ ಚರ್ಚೆಯೆಂದು ಬದಿಗಿಡುವಂತಿಲ್ಲ.

ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ಸಾರ್ಕೋಪೀನಿಯಾ ಎಂಬ ಹೆಸರನ್ನು ಇರ್ವಿನ್ ರೋಸೆನ್‌ಬರ್ಗ್ ಸೂಚಿಸಿದ್ದು 1989ರಲ್ಲಿ. ಅದರ ಹಿಂದಿನ ವರ್ಷ ವಾಲ್ಟರ್ ಫ್ರಾಂಟೆರಾ ಮತ್ತು ಸಂಗಡಿಗರು, 60ರಿಂದ 72 ವರ್ಷದವರು 12 ವಾರ ಭಾರದ ವ್ಯಾಯಾಮ ಮಾಡಿದಾಗ ತೊಡೆಯ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ಶೇ. 11ರಷ್ಟು ಹೆಚ್ಚಿತೆಂದು ತೋರಿಸಿದ್ದರು. ಮುಪ್ಪಿನಲ್ಲೂ ಸ್ನಾಯು ಬೆಳೆಯುತ್ತದೆ ಎಂಬುದಕ್ಕೆ ಇಂದಿಗೂ ಉಲ್ಲೇಖವಾಗುವ ಆ ಅಧ್ಯಯನದಲ್ಲಿ ಇದ್ದವರೆಲ್ಲ ಗಂಡಸರು. ಮುಂದೆ ಹೆಂಗಸರನ್ನು ಸೇರಿಸಿಕೊಂಡಾಗ ವ್ಯತ್ಯಾಸ ಕಂಡದ್ದು ಸುಳ್ಳಲ್ಲ. ಮಾರ್ಕಸ್ ಬ್ಯಾಮನ್ ಅವರ ತಂಡ 2003ರಲ್ಲಿ ಪ್ರಕಟಿಸಿದ 26 ವಾರಗಳ ಅಧ್ಯಯನದಲ್ಲಿ, ತೊಡೆಯಿಂದ ಸೂಜಿ ಹಾಕಿ ಚೂರು ಸ್ನಾಯು ತೆಗೆದು ಸೂಕ್ಷ್ಮದರ್ಶಕದಡಿ ಎಳೆಗಳನ್ನು ಅಳೆದರು. ಹಿರಿಯ ಗಂಡಸರ ಎಳೆಗಳು ಹೆಂಗಸರವಕ್ಕಿಂತ ಹೆಚ್ಚು ದಪ್ಪಗೊಂಡಿದ್ದವು. ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರ ಸಂಖ್ಯೆ ಚಿಕ್ಕದು. ಒಬ್ಬಿಬ್ಬರ ಫಲಿತಾಂಶ ಆಚೀಚೆಯಾದರೂ ಗುಂಪಿನ ಸರಾಸರಿ ಅಲುಗಾಡುತ್ತದೆ.

ಆದ್ದರಿಂದಲೇ 2021ರಲ್ಲಿ ಮ್ಯಾಥ್ಯೂ ಜೋನ್ಸ್, ಅಮಾಂಡಾ ಹ್ಯಾಗ್‌ಸ್ಟ್ರಾಮ್ ಮತ್ತಿತರರು ‘ಸ್ಪೋರ್ಟ್ಸ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕುವ ಮೆಟಾ-ವಿಶ್ಲೇಷಣೆಗೆ ತೂಕವಿದೆ. 30 ಅಧ್ಯಯನಗಳು, 1,410 ಮಂದಿ. ಅವರಲ್ಲಿ 759 ಹೆಂಗಸರು. ಗಳಿಕೆಯನ್ನು ನಿರಪೇಕ್ಷವಾಗಿ, ಅಂದರೆ ಇದ್ದ ಹಾಗೇ, ಇಷ್ಟು ಕಿಲೋ ಬಲ, ಇಷ್ಟು ಸ್ನಾಯು ಎಂದು ಎಣಿಸಿದಾಗ ಗಂಡಸರು ಮುಂದಿದ್ದರು. ಪರಿಣಾಮದ ಗಾತ್ರ, ಅಂದರೆ ಎರಡು ಗುಂಪುಗಳ ನಡುವಿನ ಅಂತರದ ಅಳತೆ, ದೇಹದ ಮೇಲ್ಭಾಗದ ಬಲದಲ್ಲಿ 0.81, ಕಾಲಿನ ಬಲದಲ್ಲಿ 0.40, ಸ್ನಾಯುವಿನ ಗಾತ್ರದಲ್ಲಿ 0.45. ಅದೇ ಗಳಿಕೆಯನ್ನು ಅವರವರ ಆರಂಭದ ಮಟ್ಟಕ್ಕೆ ಹೋಲಿಸಿ ಸಾಪೇಕ್ಷವಾಗಿ, ಅಂದರೆ ಶೇಕಡಾವಾರು ನೋಡಿದಾಗ ಸ್ನಾಯುವಿನ ಗಾತ್ರದಲ್ಲಿ ಗುರುತಿಸುವಂಥ ವ್ಯತ್ಯಾಸ ಉಳಿಯಲಿಲ್ಲ. ಕಾಲಿನ ಬಲದಲ್ಲಂತೂ ಹೆಂಗಸರೇ ತುಸು ಮುಂದೆ.

ದೇಹದ ಮೇಲ್ಭಾಗದಲ್ಲಿ ಅಂತರ ಅಷ್ಟು ದೊಡ್ಡದು, ಕಾಲಿನಲ್ಲಿ ಅದರ ಅರ್ಧ, ಯಾಕೆ? ಇಯಾನ್ ಯಾನ್ಸೆನ್ ಮತ್ತು ಸಂಗಡಿಗರು 2000ದಲ್ಲಿ 468 ವಯಸ್ಕರ ಇಡೀ ದೇಹವನ್ನು ಎಂಆರ್‌ಐ ಮಾಡಿ ಅಳೆದ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಗಂಡಸರಲ್ಲಿ ಸರಾಸರಿ 33 ಕಿಲೋ ಸ್ನಾಯು, ಹೆಂಗಸರಲ್ಲಿ 21 ಕಿಲೋ. ಹೆಂಗಸರ ಈ ಕೊರತೆ ದೇಹದ ಮೇಲ್ಭಾಗದಲ್ಲಿ ಶೇ. 40, ಕೆಳಭಾಗದಲ್ಲಿ ಶೇ. 33. ಬಂಡವಾಳದ ಅಂತರ ಎಲ್ಲಿ ಹೆಚ್ಚೋ ಗಳಿಕೆಯ ಅಂತರವೂ ಅಲ್ಲೇ ಹೆಚ್ಚು. ನಿರಪೇಕ್ಷ ಅಳತೆಯಲ್ಲಿ ಕಾಣುವ ‘ಲಿಂಗ ವ್ಯತ್ಯಾಸ’ದ ದೊಡ್ಡ ಪಾಲು ವ್ಯಾಯಾಮಕ್ಕೆ ದೇಹ ಸ್ಪಂದಿಸುವ ರೀತಿಯದ್ದಲ್ಲ, ಮೊದಲೇ ಇದ್ದ ಮೈಗಾತ್ರದ್ದು ಎಂದೇ ನಾನು ಓದುತ್ತೇನೆ.

ಹಾಗೆಂದು ಜೈವಿಕ ವ್ಯತ್ಯಾಸವೇ ಇಲ್ಲವೆನ್ನಲಾಗದು. ಟೆಸ್ಟೋಸ್ಟೆರಾನ್ ಮಟ್ಟ ಹಿರಿಯ ಗಂಡಸರಲ್ಲಿ ಹಲವು ಪಟ್ಟು ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ಕುಸಿಯುತ್ತದೆ. ಗಾರ್ಡನ್ ಸ್ಮಿತ್ ಮತ್ತು ಬೆಟಿನಾ ಮಿಟೆಂಡಾರ್ಫರ್ ಅವರ ತಂಡ 2008ರಲ್ಲಿ ತೋರಿಸಿದ ಸಂಗತಿಯಂತೂ ಇನ್ನಷ್ಟು ಗಮನ ಬೇಡುತ್ತದೆ: 65ರಿಂದ 80ರ ವಯಸ್ಸಿನಲ್ಲಿ, ಆಹಾರ ಸೇವಿಸಿದ ಮೇಲೆ ಸ್ನಾಯುವಿನಲ್ಲಿ ಪ್ರೋಟೀನ್ ತಯಾರಿ ಏರುವ ಪ್ರಮಾಣ ಹೆಂಗಸರಲ್ಲಿ ಗಂಡಸರಿಗಿಂತ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ್ದು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್. ಅನ್ನ-ಸಾರು, ಮುದ್ದೆಯೇ ಮುಖ್ಯ ಊಟವಾಗಿ, ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ನಮ್ಮ ಅಜ್ಜಿಯರಿಗೆ ಅಷ್ಟಾದರೂ ಸಿಗುತ್ತಿದೆಯೇ ಎಂದು ಕೇಳದೆ ವ್ಯಾಯಾಮದ ಫಲವನ್ನು ಲೆಕ್ಕಹಾಕುವುದು ಅರೆಬರೆ ಕೆಲಸ.

ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾಟರೋನ್ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚರ್ಚೆಗೆ ಇನ್ನೊಂದು ಬಾಗಿಲು ತೆರೆಯುತ್ತದೆ. 100 ಮಂದಿ, ಸರಾಸರಿ ವಯಸ್ಸು 87, ಅವರಲ್ಲಿ 63 ಹೆಂಗಸರು. ಹತ್ತು ವಾರ ವ್ಯಾಯಾಮ ಮಾಡಿದವರ ಸ್ನಾಯುಬಲ ಶೇ. 113 ಏರಿತು, ತೊಡೆಯ ಸ್ನಾಯು ಬೆಳೆದದ್ದು ಶೇ. 2.7 ಮಾತ್ರ. ನಡಿಗೆಯ ವೇಗ, ಮೆಟ್ಟಿಲು ಹತ್ತುವ ಶಕ್ತಿ ಎರಡೂ ಹೆಚ್ಚಿದವು. ಬಲ ದುಪ್ಪಟ್ಟಾಗಲು ಸ್ನಾಯು ದುಪ್ಪಟ್ಟಾಗಬೇಕಿಲ್ಲ. ಮೊದಲ ವಾರಗಳಲ್ಲಿ ಕಲಿಯುವುದು ನರಮಂಡಲ. ಸ್ನಾಯುವಿನ ಗಾತ್ರವೊಂದನ್ನೇ ಹಿಡಿದು ಯಾರಿಗೆ ಲಾಭ ಹೆಚ್ಚು ಎಂದು ತೀರ್ಮಾನಿಸುವುದು ಸರಿಯಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಆಧಾರ ಬೇಕಿಲ್ಲ.

ಏಷ್ಯಾದ ಸಾರ್ಕೋಪೀನಿಯಾ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆಗಳನ್ನೇ ನೋಡಿ. ಮುಷ್ಟಿ ಹಿಡಿತ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕೆಳಗಿದ್ದರೆ ದುರ್ಬಲ. ಕುರ್ಚಿಯ ಪರೀಕ್ಷೆಗೆ ಮಾತ್ರ ಇಬ್ಬರಿಗೂ ಒಂದೇ ಗೆರೆ: ಎದೆಯ ಮೇಲೆ ಕೈಕಟ್ಟಿ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಶಕ್ತಿ ಕುಂದಿದೆಯೆಂದೇ ಅರ್ಥ. ಕುರ್ಚಿಯ ಎತ್ತರ, ಬಸ್ಸಿನ ಮೆಟ್ಟಿಲು, ಶೌಚಾಲಯದಲ್ಲಿ ಕುಕ್ಕರಗಾಲಿನಿಂದ ಏಳುವ ಕಷ್ಟ ಹೆಂಗಸಿಗೆಂದು ಕಡಿಮೆಯಾಗುವುದಿಲ್ಲ. ಆ ಗೆರೆಗೆ ಹತ್ತಿರದಿಂದ ಹೊರಡುವ ಹೆಂಗಸಿಗೆ ಸಣ್ಣ ಗಳಿಕೆಯೂ ಪರರ ಆಸರೆಗೂ ಸ್ವಂತ ಬದುಕಿಗೂ ನಡುವಿನ ಅಂತರವಾಗಬಲ್ಲದು.

ಸಂಶೋಧಕರು ಫಲಿತಾಂಶಗಳನ್ನು ಗಂಡು-ಹೆಣ್ಣು ಬೇರೆಬೇರೆಯಾಗಿ, ನಿರಪೇಕ್ಷ ಮತ್ತು ಸಾಪೇಕ್ಷ ಎರಡೂ ಅಳತೆಗಳಲ್ಲಿ, ದಿನನಿತ್ಯದ ಚಲನೆಯ ಪರೀಕ್ಷೆಗಳ ಜೊತೆಗೆ ಪ್ರಕಟಿಸಬೇಕು. ಮಂಡಿನೋವೆಂದು ಬರುವ ಹಿರಿಯ ಹೆಂಗಸಿಗೆ ‘ಭಾರ ಎತ್ತಬೇಡಿ’ ಎಂದು ಕಳಿಸುವ ವೈದ್ಯರು ಮೊದಲು ಅವರನ್ನು ಕುರ್ಚಿಯಿಂದ ಐದು ಸಲ ಎಬ್ಬಿಸಿ ನೋಡಲಿ. ಎಷ್ಟು ಭಾರದಿಂದ ಶುರುಮಾಡಬೇಕು, ಹೇಗೆ ಏರಿಸಬೇಕು ಎಂದು ಫಿಸಿಯೋಥೆರಪಿಸ್ಟ್‌ಗೆ ಬರೆದುಕೊಡಲಿ.