ನಾಯಿಯ ಕಣ್ಣಿಗೆ ವೈದ್ಯ ಬಂದ ಬಗೆ

ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಒಡೆಯ ಬೇಕಾದ್ದನ್ನು ಕೇಳೆಂದಾಗ ಅವನು ಬೇಡಿದ್ದು ಈ ನಾಯಿಯನ್ನು. ಮುಂದೆ ಕಾಡುಹಂದಿಯೊಂದಿಗೆ ಸೆಣಸಿ ಅದು ಸತ್ತಾಗ ಗುಡಿಯ ಎದುರು ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದ. ಹಾಗಾಗಿ ಕನ್ನಡ ನಾಡಿನಲ್ಲಿ ನಾಯಿಯ ಮೇಲೆ ಮಮತೆ ಇರಲಿಲ್ಲ ಎನ್ನುವ ಮಾತು ನಿಲ್ಲದು. ಆದರೂ ಶಾಸ್ತ್ರಗ್ರಂಥಗಳು ಹುಟ್ಟಿದ್ದು ಬೇರೆ ಪ್ರಾಣಿಗಳಿಗೆ: ಆನೆಗೆ ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದ, ಕುದುರೆಗೆ ಶಾಲಿಹೋತ್ರ, ಕನ್ನಡದಲ್ಲಿಯೇ ಹಸುವಿಗೆ ಚಾಲುಕ್ಯ ಕೀರ್ತಿವರ್ಮನ ಗೋವೈದ್ಯ. ಸೈನ್ಯ, ಸವಾರಿ, ಉಳುಮೆ, ಹಾಲು ಇವುಗಳಿಗೆ ಒದಗುವ ಪ್ರಾಣಿಗೆ ವೈದ್ಯ ಮೊದಲು ಬಂದ. ಪಶುವೈದ್ಯದ ಚರಿತ್ರೆ ಪ್ರಾಣಿಯ ಬೆಲೆಯನ್ನು ಹಿಂಬಾಲಿಸಿದೆ ಎಂಬುದೇ ನನ್ನ ವಾದ; ನಾಯಿಯ ಕಣ್ಣು ಅದಕ್ಕೆ ಒಳ್ಳೆಯ ಸಾಕ್ಷಿ.

ಅಶೋಕ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿದನಲ್ಲ ಎಂದು ಯಾರಾದರೂ ಕೇಳಬಹುದು. ಮಾಡಿದ, ನಿಜ. ಅದನ್ನು ಸಾರುವ ಅವನ ಶಾಸನ ಉದಾರವಾದದ್ದು, ಆದರೆ ಪ್ರಾಣಿಗಳ ಹೆಸರನ್ನು ಬಿಡಿಸಿ ಹೇಳುವುದಿಲ್ಲ. ಉದಾರ ಘೋಷಣೆಗಿಂತ ಹಣ ಎಲ್ಲಿಗೆ ಹರಿಯಿತು ಎಂಬುದು ಹೆಚ್ಚು ಹೇಳುತ್ತದೆ. 1762ರಲ್ಲಿ ಲಿಯೋನ್‌ನಲ್ಲಿ ಪಶುವೈದ್ಯ ಶಾಲೆ ತೆರೆದ ಕ್ಲೋಡ್ ಬೂರ್ಜೆಲಾ ಕುದುರೆ ಸವಾರಿ ಕಲಿಸುವ ಶಾಲೆಯೊಂದನ್ನು ನಡೆಸುತ್ತಿದ್ದವ. ಆಗಿನ ದೊಡ್ಡ ಆತಂಕ ದನಗಳ ಪಿಡುಗು. ಬ್ರಿಟಿಷರು 1862ರಲ್ಲಿ ಪುಣೆಯಲ್ಲಿ ತೆರೆದದ್ದು ಸೈನ್ಯದ ಪಶುವೈದ್ಯ ಶಾಲೆ. ನಾಯಿಯ ಅಕ್ಷಿಪಟಲ ಸವೆಯುವ ರೋಗವನ್ನು 1911ರಲ್ಲಿ ಸ್ವೀಡನ್‌ನ ಮ್ಯಾಗ್ನಸನ್ ವರ್ಣಿಸಿದಾಗ ಆತ ನೋಡಿದ್ದೂ ಗಾರ್ಡನ್ ಸೆಟರ್ ಎಂಬ ಬೇಟೆತಳಿಯನ್ನೇ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಉಪಕರಣಗಳೇ ಇರಲಿಲ್ಲ, ಬೆಲೆಯ ಮಾತೆಲ್ಲಿಂದ ಬಂತು? ಕಣ್ಣಿನೊಳಗೆ ನೋಡುವ ನೇತ್ರದರ್ಶಕವನ್ನು ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ್ದು 1851ರಲ್ಲಿ. ಒಳಗಣ್ಣಿನ ರೋಗಗಳ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಬೇಕು. ಆದರೆ ನಾಯಿಗಳಲ್ಲಿ ಬಹಳವಾಗಿ ಕಾಣುವ ಒಣಗಣ್ಣನ್ನು ನೋಡಿ. ರೋಗನಿರೋಧಕ ಶಕ್ತಿ ತನ್ನದೇ ಕಣ್ಣೀರ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ, ನೀರು ಬತ್ತುತ್ತದೆ, ಕಣ್ಣು ಕೆಂಪಾಗಿ ಅಂಟು ಪಿಚ್ಚು ತುಂಬುತ್ತದೆ. ಇದನ್ನು ಪತ್ತೆಮಾಡಲು ಒಂದು ಕಾಗದದ ಪಟ್ಟಿ ಸಾಕು. ನೇತ್ರವೈದ್ಯ ಷಿರ್ಮರ್ ಅದನ್ನು 1903ರಲ್ಲೇ ಮನುಷ್ಯರಿಗಾಗಿ ರೂಪಿಸಿದ್ದ. ಒಂದು ನಿಮಿಷದಲ್ಲಿ ಪಟ್ಟಿ 15 ಮಿಲಿಮೀಟರಿಗೂ ಹೆಚ್ಚು ನೆನೆದರೆ ನಾಯಿಯ ಕಣ್ಣು ಸರಿಯಿದೆ. 10ಕ್ಕಿಂತ ಕಡಿಮೆಯಾದರೆ ಸಂಶಯ. ಇಷ್ಟು ಅಗ್ಗದ ಸಾಧನವಿದ್ದರೂ ಕಾರಣಕ್ಕೇ ಕೈಹಾಕುವ ಮದ್ದು ಹೊಳೆದದ್ದು 1980ರ ದಶಕದಲ್ಲಿ, ಜಾರ್ಜಿಯಾ ವಿಶ್ವವಿದ್ಯಾಲಯದ ರೆನೀ ಕಾಸ್ವಾನ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಅನ್ನು ಕಣ್ಣಿಗೇ ಹಾಕಿ ನೋಡಿದಾಗ. ಅದಕ್ಕೂ ಮೊದಲು ಜೊಲ್ಲಿನ ನಾಳವನ್ನು ಕಣ್ಣಿಗೆ ತಿರುಗಿಸುವ ಶಸ್ತ್ರಚಿಕಿತ್ಸೆಯೂ ನಡೆಯುತ್ತಿತ್ತು: ಜಾಣ ಉಪಾಯ, ಆದರೆ ಊಟದ ವಾಸನೆ ಬಂದರೆ ನಾಯಿಯ ಕಣ್ಣಿಂದ ಧಾರೆ! ಸೈಕ್ಲೋಸ್ಪೋರಿನ್ ಬರುವ ಹೊತ್ತಿಗೆ ನಾಯಿ ಅಂಗಳದಿಂದ ನಡುಮನೆಗೆ ಬಂದಿತ್ತು, ಅದರ ಆಸ್ಪತ್ರೆ ಖರ್ಚು ಭರಿಸುವವರಿದ್ದರು. ಅಮೆರಿಕದಲ್ಲಿ 1970ರಲ್ಲೇ ಪಶುನೇತ್ರತಜ್ಞರದ್ದೇ ಮಂಡಳಿ ಹುಟ್ಟಿತ್ತು.

ನಾಯಿಗೆ ಇಷ್ಟು ಖರ್ಚು ಏಕೆ ಎಂದು ಮೂಗು ಮುರಿಯುವವರು ಮುಂದಿನದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಸೈಕ್ಲೋಸ್ಪೋರಿನ್ ಮುಲಾಮಿಗೆ ಅಮೆರಿಕದಲ್ಲಿ ನಾಯಿಗಳಿಗಾಗಿ 1995ರಲ್ಲಿ ಒಪ್ಪಿಗೆ ಸಿಕ್ಕಿತು, ಅದೇ ಮದ್ದಿನ ಹನಿಗಳಿಗೆ ಮನುಷ್ಯರಿಗಾಗಿ 2002ರಲ್ಲಿ. ಹುಟ್ಟುಗುರುಡಿಗೆ ಕಾರಣವಾದ ಆರ್‌ಪಿಇ65 ವಂಶವಾಹಿಯ ದೋಷವಿದ್ದ ಬ್ರಿಯಾರ್ ತಳಿಯ ನಾಯಿಗಳಿಗೆ ವಂಶವಾಹಿ ಚಿಕಿತ್ಸೆಯಿಂದ ದೃಷ್ಟಿ ಮರಳಿದ ಸುದ್ದಿ 2001ರಲ್ಲಿ ಹೊರಬಿತ್ತು. ಅದೇ ದಾರಿಯ ಚಿಕಿತ್ಸೆ 2017ರ ಡಿಸೆಂಬರಿನಲ್ಲಿ ಮನುಷ್ಯರಿಗೆ ಒಪ್ಪಿತವಾಯಿತು. ಬೆಲೆಯಿಲ್ಲವೆಂದು ಹಿಂದೆ ಬಿಟ್ಟ ಕಣ್ಣೇ ಮನುಷ್ಯನ ಕಣ್ಣಿಗೆ ಮುಂಚಿತವಾಗಿ ದಾರಿ ಸವೆಸಿತು.

ಕೊನೆಗೆ ಒಂದು ಬಳಕೆಯ ಮಾತು: ಮನೆಯ ನಾಯಿಯ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ ಪಿಚ್ಚುಗಟ್ಟಿದರೆ ಕಪಾಟಿನಲ್ಲಿ ಉಳಿದಿರುವ ಹಳೆಯ ಹನಿಗಳನ್ನು ಹಾಕಬೇಡಿ. ಕಣ್ಣಿನಲ್ಲಿ ಹುಣ್ಣಿದ್ದರೆ ಸ್ಟಿರಾಯ್ಡ್ ಹನಿ ಅದನ್ನು ಕೆಡಿಸುತ್ತದೆ. ಪಶುವೈದ್ಯರ ಬಳಿ ಹೋಗಿ ಕಾಗದದ ಪಟ್ಟಿಯ ಪರೀಕ್ಷೆ ಮಾಡಿಸಿ. ಅದಕ್ಕೆ ಒಂದೇ ನಿಮಿಷ ಬೇಕು.