ನಿಲ್ಲುವುದನ್ನು ಕಲಿಸಿದ ಬೆಳ್ಳೂರಿನ ಅಯ್ಯಂಗಾರರು

‘ನಿಲುವು’ ಎಂಬ ಕನ್ನಡದ ಮಾತಿಗೆ ಎರಡು ಅರ್ಥಗಳಿವೆ: ದೇಹ ನಿಲ್ಲುವ ರೀತಿ ಒಂದು, ಮನಸ್ಸು ತಳೆಯುವ ಅಭಿಪ್ರಾಯ ಇನ್ನೊಂದು. ಎರಡನೆಯದರ ಬಗ್ಗೆ ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಮೊದಲನೆಯದು ನೆನಪಾಗುವುದು ಸೊಂಟ ಹಿಡಿದ ಮೇಲೆಯೇ. ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮರೆವು ಅಷ್ಟಾಗಿ ಒಪ್ಪುವುದಿಲ್ಲ. ನೆಟ್ಟಗೆ ನಿಲ್ಲುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ಬಿ. ಕೆ. ಎಸ್. ಅಯ್ಯಂಗಾರರು ಕನ್ನಡ ನಾಡಿನಿಂದ ಇಲ್ಲಿಗೆ ಬಂದವರು.

ಅವರು ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ. ಜಗತ್ತನ್ನೇ ನಡುಗಿಸಿದ ಇನ್‌ಫ್ಲುಯೆಂಜಾದ ವರ್ಷ ಅದು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳು ಒಂದರ ಬೆನ್ನಿಗೊಂದು ಕಾಡಿದವು. ಕಡ್ಡಿಯಂಥ ಕೈಕಾಲು, ಮುಂದೆ ಬಂದ ಹೊಟ್ಟೆ, ಎತ್ತಿ ಹಿಡಿಯಲೂ ಆಯಾಸವಾಗುವಂತೆ ಜೋತುಬೀಳುತ್ತಿದ್ದ ತಲೆ: ಆ ದಿನಗಳ ತಮ್ಮ ದೇಹವನ್ನು ಅವರೇ ಮುಂದೆ ಹೀಗೆ ವರ್ಣಿಸಿಕೊಂಡಿದ್ದಾರೆ. 1934ರಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಈ ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. ಗುರು ಮಹಾ ಕಠಿಣ. ಶಿಷ್ಯನಿಗೋ ಬಗ್ಗಿದರೆ ಬೆರಳು ನೆಲ ಮುಟ್ಟುತ್ತಿರಲಿಲ್ಲ.

ಪುಣೆಗೆ ದಾರಿ ತೆರೆದದ್ದು ಉತ್ತರ ಕರ್ನಾಟಕದ ಮೂಲಕ. ಗುರುಗಳು ಧಾರವಾಡದ ಕಡೆ ಪ್ರವಾಸ ಹೋದಾಗ, ಶಿಷ್ಯರಲ್ಲಿ ಕಿರಿಯನೆಂಬ ಕಾರಣಕ್ಕೆ ಹೆಂಗಸರಿಗೆ ಕಲಿಸುವ ಕೆಲಸ ಈ ಹುಡುಗನ ಪಾಲಿಗೆ ಬಂತು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರ ಆಸಕ್ತಿಯಿಂದ 1937ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾಕ್ಕೆ ಒಬ್ಬ ಶಿಕ್ಷಕ ಬೇಕಾಯಿತು. ಅಯ್ಯಂಗಾರರಿಗೆ ಮರಾಠಿ ಬಾರದು. ಅಷ್ಟಿಷ್ಟು ಇಂಗ್ಲಿಷ್ ಬರುತ್ತಿದ್ದುದೇ ಅರ್ಹತೆ. ಮೆಟ್ರಿಕ್ಯುಲೇಶನ್‌ನಲ್ಲಿ ಅವರು ಫೇಲಾದದ್ದೂ ಇಂಗ್ಲಿಷಿನಲ್ಲೇ ಎಂಬುದು, ಇಂಗ್ಲಿಷ್ ಎಂ.ಎ. ಪದವಿಯನ್ನು ಗೋಡೆಗೆ ತೂಗುಹಾಕಿಕೊಂಡ ನಮ್ಮಂಥವರಿಗೆ ಒಳ್ಳೆಯ ಔಷಧ. ಆರು ತಿಂಗಳ ಮಟ್ಟಿಗೆ ಬಂದವರು 2014ರ ಆಗಸ್ಟ್ 20ರಂದು ಕಣ್ಣು ಮುಚ್ಚುವವರೆಗೂ ಈ ಊರಿನವರೇ ಆಗಿ ಉಳಿದರು.

ಅವರ ವಿದ್ಯೆಯ ತಿರುಳು ಇರುವುದು ಕಸರತ್ತಿನಂತೆ ಕಾಣುವ ಆಸನಗಳಲ್ಲಿ ಅಲ್ಲ, ತಾಡಾಸನದಲ್ಲಿ ಎಂದು ನಮಗೆ ತೋರುತ್ತದೆ. ತಾಡಾಸನವೆಂದರೆ ಸುಮ್ಮನೆ ನಿಲ್ಲುವುದು. 1966ರ ‘ಲೈಟ್ ಆನ್ ಯೋಗ’ ಗ್ರಂಥದಲ್ಲಿ ಅವರು ನಮ್ಮ ಪಾದರಕ್ಷೆಯ ಹಿಮ್ಮಡಿಯನ್ನು ನೋಡಿಕೊಳ್ಳಲು ಹೇಳುತ್ತಾರೆ. ಅದು ಯಾವ ಅಂಚಿನಲ್ಲಿ ಸವೆದಿದೆಯೋ ಆ ಕಡೆಗೆ ನಮ್ಮ ಭಾರ ಬೀಳುತ್ತಿದೆ. ಭಾರ ಹಿಮ್ಮಡಿಯ ಮೇಲೇ ಕುಳಿತರೆ ಸೊಂಟ ಸಡಿಲಗೊಂಡು ಹೊಟ್ಟೆ ಮುಂದೆ ಬರುತ್ತದೆ, ಬೆನ್ನುಹುರಿಗೆ ಆಯಾಸವಾಗುತ್ತದೆ. ಎರಡು ಪಾದಗಳ ಮೇಲೂ ಸಮನಾಗಿ ಹಂಚಿದರೆ ಮೈ ಹಗುರವಾಗುತ್ತದೆ, ಎದೆ ತೆರೆದುಕೊಳ್ಳುತ್ತದೆ. ಕ್ಷಯದಿಂದ ಎದೆ ಸೊರಗಿದ್ದ ಹುಡುಗ ಮುಂದೆ ಎದೆಯನ್ನು ತೆರೆಯುವುದಕ್ಕೇ ಇಷ್ಟು ಒತ್ತು ಕೊಟ್ಟದ್ದು ಆಕಸ್ಮಿಕವೆಂದು ನಾವು ನಂಬಲಾರೆವು. ಕುಗ್ಗಿ ಕುಳಿತಾಗ ಪಕ್ಕೆಲುಬುಗಳಿಗೂ ವಪೆಗೂ ಅರಳಲು ಎಡೆ ಸಾಲದು. ಉಸಿರು ಮೇಲೆಮೇಲೆಯೇ ಆಡುತ್ತದೆ.

ವೈದ್ಯಶಾಸ್ತ್ರವೂ ಇದೇ ಕಾಲದಲ್ಲಿ ಬೆನ್ನಿನ ಒಳಗೆ ಇಣುಕುತ್ತಿತ್ತು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಬೆನ್ನುಮೂಳೆಗಳ ನಡುವಣ ಡಿಸ್ಕಿನೊಳಗಿನ ಒತ್ತಡವನ್ನು ಅಳೆದರು. ನೆಟ್ಟಗೆ ನಿಂತಾಗಿನದಕ್ಕಿಂತ ಮುಂದಕ್ಕೆ ಬಾಗಿ ಕುಳಿತಾಗ ಆ ಒತ್ತಡ ಹೆಚ್ಚು. ಕಡತದ ಮೇಲೆ ಬಾಗಿದ್ದ ಸರ್ಕಾರಿ ನೌಕರ ಈಗ ಕಂಪ್ಯೂಟರಿನತ್ತ ಕತ್ತು ಚಾಚಿದ್ದಾನೆ, ಅಷ್ಟೇ ವ್ಯತ್ಯಾಸ.

ಹಾಗೆಂದು ಸೆಟೆದು ಕೂರುವುದೂ ಉತ್ತರವಲ್ಲ. ಪತಂಜಲಿಯೇ ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದಿದ್ದಾನೆ. ಬಗ್ಗದ ದೇಹವನ್ನು ಅಯ್ಯಂಗಾರರು ಬೈದು ಕಳಿಸಲಿಲ್ಲ. ಅದಕ್ಕೆ ಮಡಿಸಿದ ಕಂಬಳಿ, ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಬೆನ್ನಾಸರೆ ತೆಗೆದ ಕುರ್ಚಿಗಳ ಆಸರೆ ಕೊಟ್ಟರು. (ಬಾಯಲ್ಲಿ ಬೈಯುತ್ತಿದ್ದರೆಂಬುದು ಬೇರೆ ಮಾತು; ಅವರ ತರಗತಿಯ ಗದರಿಕೆ ಲೋಕಪ್ರಸಿದ್ಧ.) ನೆಲದಲ್ಲಿ ಕುಳಿತಾಗ ಬೆನ್ನು ಗೂನಾದರೆ ಪೃಷ್ಠದ ಕೆಳಗೆ ಕಂಬಳಿಯಿಟ್ಟು ಎತ್ತರಿಸಿಕೊಳ್ಳಬೇಕು; ಆಗ ಬೆನ್ನು ತಾನಾಗಿ ಮೇಲೇಳುತ್ತದೆ. ಕಚೇರಿಯ ಕುರ್ಚಿಯಲ್ಲಾದರೆ ಪಾದಗಳು ಪೂರ್ತಿ ನೆಲಕ್ಕೆ ತಾಗಿರಲಿ, ಪರದೆ ಕಣ್ಣಿನ ಮಟ್ಟಕ್ಕೆ ಬರಲಿ. ಅರ್ಧ ಗಂಟೆಗೊಮ್ಮೆ ಎದ್ದು, ಹಿಮ್ಮಡಿ ಮತ್ತು ಬೆನ್ನನ್ನು ಗೋಡೆಗೆ ತಾಗಿಸಿ ಒಂದು ನಿಮಿಷ ನಿಂತರೂ ಆದೀತು. ಎಷ್ಟೇ ಒಳ್ಳೆಯ ಭಂಗಿಯಾದರೂ ಇಡೀ ದಿನ ಅದರಲ್ಲೇ ಅಲ್ಲಾಡದೆ ಕೂರುವುದು ಒಳ್ಳೆಯದಲ್ಲ.

ಫಲವನ್ನು ಅಳೆದವರೂ ಇದ್ದಾರೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು ಬಹುಕಾಲದ ಸೊಂಟನೋವಿನ 313 ಜನರ ಮೇಲೆ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 12 ವಾರಗಳ ಯೋಗ ತರಗತಿಗೆ ಸೇರಿದವರ ದೈನಂದಿನ ಓಡಾಟ, ಕೆಲಸಗಳು ಉಳಿದವರಿಗಿಂತ ಸುಧಾರಿಸಿದವು. ನೋವಿನಲ್ಲಿ ಮಾತ್ರ ದೊಡ್ಡ ಅಂತರ ಕಾಣಲಿಲ್ಲ. ಯೋಗದಿಂದ ಎಲ್ಲವೂ ಗುಣವಾಗುತ್ತದೆ ಎಂದು ಸಾರುವವರಿಗಿಂತ ಈ ಮಿತವಾದ ಫಲಿತಾಂಶವೇ ನಮಗೆ ಹೆಚ್ಚು ನಂಬಿಕೆ ತರುತ್ತದೆ.

1973ರಲ್ಲಿ ತೀರಿಕೊಂಡ ಪತ್ನಿ ರಮಾಮಣಿಯವರ ಹೆಸರಿನಲ್ಲಿ ಅಯ್ಯಂಗಾರರು ಕಟ್ಟಿಸಿದ ಸಂಸ್ಥೆ 1975ರಲ್ಲಿ ಆರಂಭವಾಯಿತು. ದೇಶದೇಶಗಳ ಜನ ಇಂದಿಗೂ ಅದನ್ನು ಹುಡುಕಿಕೊಂಡು ಶಿವಾಜಿನಗರದ ಗಲ್ಲಿಗಳಿಗೆ ಬರುತ್ತಾರೆ. ನಮ್ಮವರಿಗಂತೂ ಅದು ಬಸ್ಸಿಳಿದು ನಡೆದು ಹೋಗುವಷ್ಟು ದೂರದಲ್ಲಿದೆ.